ಮೂರು ಬಡಿತಕ್ಕೂ ಎರಡು ಬಡಿತಕ್ಕೂ ನಡುವೆ

ರೊಳ್ಳದಲ್ಲಿ ಮದುವೆಯ ಊಟ ಮುಗಿಸಿ ಮಡಕಶಿರಾದ ಬಸ್ಸು ಹತ್ತಿದ್ದೆ. ಈಚಲಬೆಟ್ಟದ ಗೇಟಿನಲ್ಲಿ ಬಸ್ಸು ನಿಂತಾಗ ಹೊರಗೆ ನೋಡಲೇಬಾರದು ಎಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡು ಮೊಬೈಲು ಹಿಡಿದು ಕೂತಿದ್ದೆ. ಕಣ್ಣನ್ನೇನೋ ಹಾಗೆ ಕಟ್ಟಿಹಾಕಬಹುದು, ಮೂಗನ್ನು ಏನು ಮಾಡುವುದು? ಅಲ್ಲಿ ಹತ್ತಿದ ಮುದುಕನೊಬ್ಬ ನನ್ನ ಮುಂದಿನ ಸೀಟಿನಲ್ಲಿ ಕೂತು ಕಾಲಸಂದಿಯಲ್ಲಿ ಐದು ಲೀಟರಿನ ಕ್ಯಾನು ಇಟ್ಟುಕೊಂಡ. ಮುಚ್ಚಳಕ್ಕೆ ಬಟ್ಟೆ ಬಿಗಿದಿದ್ದರೂ ನೊರೆ ಉಕ್ಕಿ ಅವನ ಪಂಚೆಯ ಮೇಲೆ ಇಳಿಯುತ್ತಿತ್ತು. ಕಂಡಕ್ಟರು ತೆಲುಗಿನಲ್ಲಿ ಬೈದ. ಮುದುಕ ಕನ್ನಡದಲ್ಲಿ, "ಮಂಡಿನೋವಿನ ಔಸ್ದಿ ಕಣಪ್ಪಾ" ಅಂದ. ಬಸ್ಸಿನವರೆಲ್ಲ ನಕ್ಕರು.

ನನಗೆ ನಗು ಬರಲಿಲ್ಲ. ಹುಳಿಗೆ ತಿರುಗಿದ ಈಚಲ ಕಳ್ಳಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಗೈ ಬೆವತು ಮೊಬೈಲು ಜಾರತೊಡಗಿತು. ಆರು ವರ್ಷವಾಗಿದೆ. ಆದರೂ ಆ ವಾಸನೆ ಬಂದರೆ ಸಾಕು, ನನ್ನ ಕಿವಿ ತಾನಾಗಿ ಒಂದು ಸದ್ದಿಗೆ ಕಾಯತೊಡಗುತ್ತದೆ. ಮೊದಲು ಮೂರು ಬಡಿತ, ಆಮೇಲೆ ಎರಡು. ಡ್ರೈವರು ಗೇರು ಹಾಕುವಷ್ಟರಲ್ಲಿ ನಾನು ಎದ್ದು ನಿಂತು, "ಇಳೀತೀನ್ರಿ, ನಿಲ್ಸ್ರಿ!" ಎಂದು ಕೂಗಿಬಿಟ್ಟಿದ್ದೆ. "ಇಷ್ಟೊತ್ತು ನಿದ್ದೆ ಮಾಡ್ತಿದ್ರೇನಮ್ಮಾ?" ಎಂದು ಕಂಡಕ್ಟರು ನನಗೂ ಒಂದು ಮಾತು ಅಂದ.

ನಾನು ಹುಟ್ಟಾ ಪುಕ್ಕಲಿ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಹಲ್ಲಿ ಕಂಡರೆ ಹೆದರಿಕೆ, ಲಿಫ್ಟು ಕಂಡರೆ ಹೆದರಿಕೆ, ಮೇಲಧಿಕಾರಿಯ ಫೋನು ಬಂದರೂ ಹೆದರಿಕೆ. ನಾನು ನರ್ಸ್ ಕೆಲಸಕ್ಕೆ ಸೇರಿದ ದಿನ ನಮ್ಮವ್ವ, "ಇಂಜೆಕ್ಷನ್ ಮಾಡೋಕಿಗೇ ಸೂಜಿ ಅಂದ್ರ ಅಂಜಿಕಿ, ಇನ್ನ ಮಂದಿ ಗತಿ ಏನಪಾ" ಎಂದು ಓಣಿಯ ತುಂಬ ಹೇಳಿಕೊಂಡು ನಕ್ಕಿದ್ದಳು. ಇಂಥವಳನ್ನು ಆ ವರ್ಷ ಕಾರ್ತಿಕದಲ್ಲಿ ರಾಯದುರ್ಗದಿಂದ ಎತ್ತಿ ಈಚಲಬೆಟ್ಟದ ಆರೋಗ್ಯ ಉಪಕೇಂದ್ರಕ್ಕೆ ಹಾಕಿದರು. ಆಗ ಎರಡೂ ಕಡೆ ಒಂದೇ ಅನಂತಪುರ ಜಿಲ್ಲೆ. ಆದರೂ ಬಸ್ಸು ಬದಲಿಸಿ ಬದಲಿಸಿ ಹೋಗುವುದರಲ್ಲಿ ಒಂದು ಹಗಲು ಕಳೆದುಹೋಗುತ್ತಿತ್ತು. ನನ್ನ ಗಂಡ ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಕಟಿಂಗ್ ಮಾಸ್ತರ. ಆರ್ಡರು ಬಿಟ್ಟು ಬರುವಂತಿರಲಿಲ್ಲ. ನಾನೊಬ್ಬಳೇ ಟ್ರಂಕು ಹಿಡಿದುಕೊಂಡು ಹೋದೆ.

ಈಚಲಬೆಟ್ಟವೆಂದರೆ ಬೆಟ್ಟದ ಸೊಂಟಕ್ಕೆ ಅಂಟಿಕೊಂಡ ಅರವತ್ತು ಎಪ್ಪತ್ತು ಮನೆ. ಮೇಲೆ ಪಾಳೇಗಾರರ ಕಾಲದ ಕೋಟೆ, ಅರ್ಧ ಬಿದ್ದ ಬುರುಜು. ಕೆಳಗೆ ಹಳ್ಳದುದ್ದಕ್ಕೂ ಈಚಲ ವನ. ಕೋಟೆ ಕಾಯುವವರಿಗೆ ಈ ವನದಿಂದಲೇ ಕಳ್ಳು ಹೋಗುತ್ತಿತ್ತಂತೆ. ಗಡಿಗೆ ಕೂರಿಸಲೆಂದು ಕೋಟೆ ಬಾಗಿಲಿನ ಬಂಡೆಯಲ್ಲಿ ಕೊರೆದ ಗುಂಡಿಗಳನ್ನು ಊರವರು ಹೆಮ್ಮೆಯಿಂದ ತೋರಿಸುತ್ತಿದ್ದರು. ಗಡಿಯಾಚೆ ಕರ್ನಾಟಕದಲ್ಲಿ ಕಳ್ಳು ಇಳಿಸುವಂತಿಲ್ಲವಾದ್ದರಿಂದ ಭಾನುವಾರ ಬಂದರೆ ಶಿರಾ, ಪಾವಗಡ, ಮಧುಗಿರಿಯ ಬೈಕುಗಳು ಹಳ್ಳದ ಬದಿಗೆ ಸಾಲಾಗಿ ನಿಲ್ಲುತ್ತಿದ್ದವು. ಕೇಳಿದರೆ ಕೋಟೆ ನೋಡಲು ಬಂದೆವು ಅನ್ನುತ್ತಿದ್ದರು. ಕೋಟೆ ಹತ್ತಿದವರನ್ನು ನಾನಂತೂ ಕಾಣೆ.

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಕಳ್ಳು ಎಂಬ ಮಾತು ಬಂದರೂ ನಮ್ಮಜ್ಜಿ ಬಾಯಿ ಮುಕ್ಕಳಿಸುತ್ತಿದ್ದಳು. ಅಂಥದ್ದರಲ್ಲಿ ನನಗೆ ಬಾಡಿಗೆಗೆ ಸಿಕ್ಕಿದ್ದು ಕಳ್ಳು ಇಳಿಸುವ ಹನುಮಂತಣ್ಣನ ಮನೆಗೆ ಅಂಟಿಕೊಂಡ ಕೋಣೆ. ಗಂಡನಿಗೆ ಫೋನಿನಲ್ಲಿ ಹೇಳಿದರೆ, "ಛಲೋ ಆತು ಬಿಡು, ಎರಡ ಗುಟುಕು ಕುಡದ್ರ ನಿನ್ನ ಅಂಜಿಕಿ ಹೋಗ್ತೈತಿ" ಎಂದು ರೇಗಿಸಿದ.

ಹನುಮಂತಣ್ಣನಿಗೆ ಆಗ ನಲವತ್ತೈದರ ಆಸುಪಾಸು. ಎದೆಯ ಮೇಲೆಲ್ಲ ಈಚಲ ಮರ ತರಚಿದ ಕಲೆ. ಮಾತು ಕಡಿಮೆ, ನಗು ಜಾಸ್ತಿ. ಹೆಂಡತಿ ಲಕ್ಷ್ಮಕ್ಕ ಅದಕ್ಕೆ ತದ್ವಿರುದ್ಧ, ಮಾತಿಗೆ ಕೂತರೆ ಏಳುವಂತಿಲ್ಲ. ಒಬ್ಬಳೇ ಮಗಳನ್ನು ಹಿಂದಿನ ವರ್ಷವಷ್ಟೇ ಅಮರಾಪುರಕ್ಕೆ ಕೊಟ್ಟಿದ್ದರು. ಹನುಮಂತಣ್ಣ ಈ ಊರಿಗೆ ಮನೆಯಳಿಯನಾಗಿ ಬಂದವನು. ಅವನು ಹತ್ತುತ್ತಿದ್ದ ಹನ್ನೊಂದು ಮರಗಳೂ ಲಕ್ಷ್ಮಕ್ಕನ ಅಪ್ಪ ಹತ್ತುತ್ತಿದ್ದಂಥವೇ. ಗಂಡುಮಕ್ಕಳಿಲ್ಲದ ಆ ಅಪ್ಪ ಮಗಳಿಗೇ ಹಗ್ಗ ಕಟ್ಟಿ ಮರ ಹತ್ತುವುದು ಕಲಿಸಿದ್ದನಂತೆ. ಅವಳಿಗೆ ಮದುವೆಯಾಗುವ ಹಿಂದಿನ ವರ್ಷ ಒಂದು ಮುಂಜಾನೆ ಅವನು ಐದನೆಯ ಮರದಿಂದ ಬಿದ್ದ. ಹತ್ತಿರ ಯಾರೂ ಇರಲಿಲ್ಲ. ಮಧ್ಯಾಹ್ನ ಹುಡುಕಿಕೊಂಡು ಹೋದವರಿಗೆ ಅವನು ಬಿದ್ದ ಜಾಗದಿಂದ ಹತ್ತು ಮಾರು ದೂರದವರೆಗೆ ತೆವಳಿದ ಗುರುತು ಕಂಡಿತಂತೆ. ಅಂದಿನಿಂದ ಲಕ್ಷ್ಮಕ್ಕ ವನದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಊರಲ್ಲಿ ಹೇಳುತ್ತಿದ್ದರು.

ಆ ಊರಿನ ಪದ್ಧತಿಯೊಂದನ್ನು ಹೇಳಬೇಕು. ಮರ ಹತ್ತಿದವನು ಮೇಲೆ ಮುಟ್ಟಿದೊಡನೆ ಕತ್ತಿಯ ಹಿಂಬದಿಯಿಂದ ಕಾಂಡಕ್ಕೆ ಮೂರು ಸಲ ಬಡಿಯುತ್ತಾನೆ, ಹತ್ತಿದೆ ಎಂದು. ಕೆಲಸ ಮುಗಿಸಿ ಇಳಿಯುವ ಮೊದಲು ಎರಡು ಸಲ ಬಡಿಯುತ್ತಾನೆ, ಇಳಿಯುತ್ತಿದ್ದೇನೆ ಎಂದು. ಸದ್ದು ಬೆಟ್ಟದ ಬಂಡೆಗೆ ತಾಗಿ ಊರಿಗೆಲ್ಲ ಕೇಳುತ್ತದೆ. ಸಂಜೆ ಹತ್ತಿ ಮರಕ್ಕೆ ಹೊಸ ಕೊಯ್ತ ಹಾಕಿ ಗಡಿಗೆ ಕಟ್ಟುವುದು, ಮುಂಜಾನೆ ಹತ್ತಿ ತುಂಬಿದ ಗಡಿಗೆ ಇಳಿಸುವುದು. ಎರಡು ಹೊತ್ತೂ ಊರು ಅಡುಗೆ ಮಾಡುತ್ತಲೇ, ಹಾಲು ಕರೆಯುತ್ತಲೇ ಈ ಬಡಿತಗಳನ್ನು ಕೇಳಿಸಿಕೊಳ್ಳುತ್ತಿತ್ತು. ಇನ್ನೊಂದು ಕಟ್ಟುನಿಟ್ಟು: ಮರದ ಮೇಲಿದ್ದವನನ್ನು ಕೆಳಗಿನಿಂದ ಹೆಸರು ಹಿಡಿದು ಕರೆಯಕೂಡದು.

ಇದು ನನಗೆ ಗೊತ್ತಾದದ್ದು ಬೈಸಿಕೊಂಡ ಮೇಲೆ. ಹೋದ ಹೊಸತರಲ್ಲಿ ಒಂದು ಸಂಜೆ ಜಂತುಹುಳದ ಮಾತ್ರೆ ಹಂಚುತ್ತಾ ವನದೊಳಗೆ ಹೋಗಿ, ಮೇಲಿದ್ದವನನ್ನು ಕಂಡು, "ಹನುಮಂತಣ್ಣಾ! ಕೆಳಗ ಬರ್ರಿ!" ಎಂದು ಗಂಟಲು ಹರಿಯುವಂತೆ ಕೂಗಿದ್ದೆ. ಆಚೀಚೆ ಮರಗಳ ಬುಡದಲ್ಲಿದ್ದವರೆಲ್ಲ ಓಡಿಬಂದು ನನ್ನ ಮೇಲೆ ಬಿದ್ದರು. ಹನುಮಂತಣ್ಣ ಇಳಿದುಬಂದು ನಗುತ್ತಲೇ ಹೇಳಿದ.

"ಹೆಸ್ರು ಕರೆದ್ರೆ ಮನ್ಷ ಓ ಅಂತಾನೆ ನರ್ಸಮ್ಮ. ಓ ಅಂದ್ರೆ ತಿರುಗ್ತಾನೆ. ತಿರುಗಿದ್ರೆ ಮೋಕು ಸಡ್ಲ ಆಗ್ತೈತೆ. ಮೋಕು ಸಡ್ಲ ಆದ್ರೆ ನಿಮ್ ಮಾತ್ರೆ ಯಾರಿಗ್ ಕೊಡ್ತೀರಿ?"

ಮೋಕು ಅಂದರೆ ಸೊಂಟವನ್ನೂ ಮರವನ್ನೂ ಬಳಸಿ ಕಟ್ಟುವ ದಪ್ಪ ಹಗ್ಗ. ಕೊಯ್ದ ಗರಿಗಳ ಮೊಂಡು ಮರದ ಮೈತುಂಬ ಚಾಚಿಕೊಂಡಿರುತ್ತವೆ. ಅವಕ್ಕೆ ಹಗ್ಗ ಸಿಕ್ಕಿಸಿ, ಹಿಂದಕ್ಕೆ ವಾಲಿ, ಎರಡೂ ಕೈ ಬಿಟ್ಟು ಕೆಲಸ ಮಾಡುತ್ತಾರೆ. ನನಗೆ ನೋಡಲಾಗುತ್ತಿರಲಿಲ್ಲ. ಆಮೇಲೆ ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ.

ಪುಷ್ಯ ಮಾಸ ಬಂತು. ಅಂಥ ಚಳಿಯನ್ನು ರಾಯದುರ್ಗದ ಬಿಸಿಲು ಬಂಡೆಗಳ ನಡುವೆ ಬೆಳೆದ ನಾನು ಕಂಡವಳಲ್ಲ. ಬೆಳಿಗ್ಗೆ ಎಂಟರ ತನಕ ಬುರುಜು ಕಾಣುತ್ತಿರಲಿಲ್ಲ. ರಾಗಿ ಕಣ ಮುಗಿದಿತ್ತು, ಮನೆಮನೆಯಲ್ಲೂ ಅವರೆಕಾಯಿ ಬೇಯುತ್ತಿತ್ತು, ಕಳ್ಳು ಮಾತ್ರ ಭರ್ತಿಯಾಗಿ ಇಳಿಯುತ್ತಿತ್ತು. ಚಳಿ ಹೆಚ್ಚಿದಷ್ಟೂ ಕಳ್ಳು ಸಿಹಿಯಂತೆ. ಇಬ್ಬನಿ ಹೆಚ್ಚಿದಷ್ಟೂ ಮರ ಜಾರುತ್ತದೆ ಎನ್ನುವುದನ್ನು ಯಾರೂ ಹೇಳುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಉಪಕೇಂದ್ರದಲ್ಲಿ ನಾನೊಬ್ಬಳೇ ಇದ್ದಾಗ ಹನುಮಂತಣ್ಣ ಬಂದ. ಮೊಣಕಾಲು ಸುಲಿದಿತ್ತು. "ಜಾರಿದೆ" ಅಂದ. ಪಟ್ಟಿ ಕಟ್ಟುತ್ತಿದ್ದಾಗ ಅವನ ಕಣ್ಣು ತೇಲಿದವು, ತಲೆ ಗೋಡೆಗೆ ವಾಲಿತು. ಹಾರಿ ಹೋಗಿ ಮುಂಗೈ ಹಿಡಿದೆ. ನನ್ನ ಬೆರಳಿನ ಕೆಳಗೆ ನಾಡಿಯೇ ಇರಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದೆ. ಐದಕ್ಕೆ ನನ್ನದೇ ಎದೆ ನಿಂತುಹೋಗುವಂತಾಯಿತು. ಆಮೇಲೆ ಎಲ್ಲಿಂದಲೋ ಒಂದು ಬಡಿತ ಬಂತು, ತಡೆದು ಇನ್ನೊಂದು ಬಂತು. ಅವನು ಕಣ್ಣು ಬಿಟ್ಟು, ಏನೂ ಆಗದವನಂತೆ, "ಕಟ್ಟಿದ್ದಾಯ್ತಾ?" ಎಂದು ಕೇಳಿದ.

"ಹನುಮಂತಣ್ಣ, ಇದು ಯಾವಾಗಿಂದ ಆಗಾಕತ್ತೈತ್ರಿ?"

"ದೀಪಾವಳಿಯಿಂದ."

"ಮರದ ಮ್ಯಾಲ ಆಗೈತೇನ್ರಿ?"

ಅವನು ಪಟ್ಟಿಯನ್ನೇ ನೋಡುತ್ತಾ ಕೂತ. "ಎಲ್ಡು ಸಲ" ಅಂದ. "ಮೋಕು ಹಿಡ್ಕೊಂತು."

ಮಾರನೆಯ ದಿನವೇ ಚೀಟಿ ಕೊಟ್ಟು ಮಡಕಶಿರಾದ ಡಾಕ್ಟರ ಹತ್ತಿರ ಕಳಿಸಿದೆ. ಎದೆ ಬಡಿತ ನಡುನಡುವೆ ನಿಲ್ಲುತ್ತಿದೆ, ತಡ ಮಾಡದೆ ಅನಂತಪುರಕ್ಕೆ ಹೋಗು, ಎತ್ತರ ಹತ್ತಬೇಡ ಎಂದು ಅವರು ಬರೆದುಕೊಟ್ಟರು. ಹನುಮಂತಣ್ಣ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ.

"ಶಿವರಾತ್ರಿ ಆಗ್ಲಿ, ಹೋಗ್ತೀನಿ. ಈಗ ಕೊಯ್ತ ಬಿಟ್ರೆ ಮರ ಕಣ್ಣು ಮುಚ್ಕೊಂಡ್ಬಿಡ್ತವೆ, ಕಳ್ಳು ಇಳಿಯಾಕಿಲ್ಲ. ಇವು ನಮ್ಮಾವನ ಮರ. ಅವ್ನು ಸತ್ತ ವರ್ಷ ಬಿಟ್ರೆ ಯಾವ ವರ್ಷಾನೂ ಮುಚ್ಚಿಲ್ಲ."

"ಜೀವ ಹೋದ್ರ ಏನ್ ಮಾಡ್ತೀರಿ? ಲಕ್ಷ್ಮಕ್ಕಗ ನಾ ಹೇಳ್ತೀನಿ ನೋಡ್ರಿ."

ಆ ಮಾತಿಗೆ ಅವನು ಎದ್ದು ಬಂದು ಕೈ ಮುಗಿದ. "ಬ್ಯಾಡ ನರ್ಸಮ್ಮ. ಅವ್ಳಪ್ಪನ್ನ ನುಂಗಿದ ಮರಕ್ಕೆ ನನ್ನ ನಂಬಿ ಹತ್ತಿಸ್ತಾ ಅವ್ಳೆ. ಇದು ಗೊತ್ತಾದ್ರೆ ಅವ್ಳು ದಿನಾ ಸಾಯ್ತಾಳೆ. ನಿಮ್ ಕೊರಳಾಗಿರೋ ಲಿಂಗದ ಮ್ಯಾಲೆ ಆಣೆ ಮಾಡಿ, ಹೇಳಲ್ಲ ಅಂತ."

ನಾನು ಆಣೆ ಮಾಡಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅಷ್ಟು ಓದಿಕೊಂಡು, ನಾಡಿ ನಿಂತದ್ದನ್ನು ಕೈಯಾರೆ ಮುಟ್ಟಿ ನೋಡಿ, ಬಾಯಿ ಮುಚ್ಚಿಕೊಂಡೆನಲ್ಲ! ಆದರೆ ಪುಕ್ಕಲರ ಹಣೆಬರಹವೇ ಅಷ್ಟು. ಆಣೆ ಮುರಿದರೆ ಏನಾಗುವುದೋ ಎಂಬ ಭಯ ಒಂದು ಕಡೆ, ಮುರಿಯದಿದ್ದರೆ ಏನಾಗುವುದೋ ಎಂಬ ಭಯ ಇನ್ನೊಂದು ಕಡೆ. ಎರಡರ ನಡುವೆ ಕೂತು ದಿನ ಎಣಿಸತೊಡಗಿದೆ.

ಹನ್ನೊಂದು ಮರ, ದಿನಕ್ಕೆ ಎರಡು ಹೊತ್ತು. ವನದ ಈಚೆ ತುದಿಯಿಂದ ಬರುವ ಬಡಿತವೆಲ್ಲ ಅವನದೇ. ಇಪ್ಪತ್ತೆರಡು ಸಲ ಉಸಿರು ಬಿಗಿಹಿಡಿದು ಇಪ್ಪತ್ತೆರಡು ಸಲ ಬಿಡುತ್ತಿದ್ದೆ. ಟಕ್ ಟಕ್ ಟಕ್ ಎಂದು ಕೇಳಿದೊಡನೆ ಹಲ್ಲುಜ್ಜುವ ಕೈ ನಿಲ್ಲುತ್ತಿತ್ತು. ಟಕ್ ಟಕ್ ಎಂದಮೇಲೆ ಮತ್ತೆ ಓಡುತ್ತಿತ್ತು. ಕೆಲವು ಸಲ ಆ ಎರಡು ಬಡಿತ ಬರುವುದು ತಡವಾಗುತ್ತಿತ್ತು. ಆಗ ಬಾಗಿಲ ಚೌಕಟ್ಟು ಹಿಡಿದು ನಿಂತು, ಶಿವನೇ, ಶಿವನೇ ಅನ್ನುತ್ತಿದ್ದೆ. ಅನ್ನ ಸೀದುಹೋಗುತ್ತಿತ್ತು. ಲಸಿಕೆಯ ರಿಜಿಸ್ಟರಿನಲ್ಲಿ ಒಬ್ಬ ಹುಡುಗನ ಹೆಸರಿನ ಮುಂದೆ ಅವನ ತಂಗಿಯ ತೂಕ ಬರೆದಿಟ್ಟೆ. ಗಂಡ ಫೋನು ಮಾಡಿ, "ಯಾಕ, ದನಿ ಹಿಂಗ್ಯಾಕ ನಡಗಾಕತ್ತೈತಿ?" ಎಂದರೆ ಚಳಿ ಎಂದು ಹೇಳುತ್ತಿದ್ದೆ.

ಲಕ್ಷ್ಮಕ್ಕನ ಮುಖ ನೋಡುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ಮುಂಜಾನೆಯೂ ಸಂಜೆಯೂ ಅವಳು ಮನೆಯಲ್ಲಿರುತ್ತಿರಲಿಲ್ಲ. ಗಂಡ ವನಕ್ಕೆ ಹೋದ ಮೇಲೆ ಬುಟ್ಟಿ ಹಿಡಿದು ಹೊಲದ ಕಡೆ ಬೆರಕೆ ಸೊಪ್ಪಿಗೆ ಹೋಗುತ್ತಿದ್ದಳು. ಅಷ್ಟು ಹೊತ್ತು ಹೋಗಿ ಒಂದೇ ಹಿಡಿ ಸೊಪ್ಪು ತರುತ್ತಿದ್ದಳು. ಬಡಿತ ಕೇಳಲಾರದೆ ದೂರ ಹೋಗುತ್ತಾಳೆ ಎಂದುಕೊಳ್ಳುತ್ತಿದ್ದೆ.

ಒಂದು ದಿನ ಜಗಲಿಯಲ್ಲಿ ಅವರೆಕಾಳು ಹಿಚುಕುತ್ತಾ ಥಟ್ಟನೆ ಕೇಳಿಬಿಟ್ಟಳು.

"ನರ್ಸಮ್ಮ, ನಮ್ಮೋರಿಗೆ ಏನಾರಾ ಆಗೈತಾ?"

ನನ್ನ ಕೈಯೊಳಗಿನ ಕಾಳು ಹಾರಿ ಅಂಗಳಕ್ಕೆ ಬಿತ್ತು. "ಏನಿಲ್ರೀ ಲಕ್ಷ್ಮಕ್ಕ. ಯಾಕ ಕೇಳಿದ್ರಿ?"

"ಸುಮ್ಕೆ ಕೇಳ್ದೆ" ಅಂದಳು. ನನ್ನನ್ನು ಒಂದು ಗಳಿಗೆ ನೋಡಿ ಮತ್ತೆ ಕಾಳು ಹಿಚುಕತೊಡಗಿದಳು. ಅಷ್ಟು ಮಾತಿನ ಹೆಂಗಸು ಸುಮ್ಮನಾದದ್ದು ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಶಿವರಾತ್ರಿಗೆ ಇನ್ನು ಎಂಟು ದಿನ ಇತ್ತು. ಆ ಮುಂಜಾನೆ ಮಂಜು ಎಷ್ಟು ಕವಿದಿತ್ತೆಂದರೆ ಅಂಗಳದ ತುಳಸಿಕಟ್ಟೆಯೂ ಕಾಣುತ್ತಿರಲಿಲ್ಲ. ನಾನು ಎಂದಿನಂತೆ ಹಾಸಿಗೆಯಲ್ಲೇ ಕೂತು ಎಣಿಸುತ್ತಿದ್ದೆ. ಮೊದಲನೆಯ ಮರ, ಮೂರು, ಎರಡು. ಎರಡನೆಯದು, ಮೂರನೆಯದು, ನಾಲ್ಕನೆಯದು ಆಯಿತು. ಐದನೆಯ ಮರದ ಮೂರು ಬಡಿತ ಬಂತು. ಕಾದೆ. ಒಲೆಗಿಟ್ಟ ನೀರು ಕುದಿಯಿತು, ಕುದಿದು ಉಕ್ಕಿತು. ಎರಡು ಬಡಿತ ಬರಲಿಲ್ಲ. ಚಪ್ಪಲಿ ಮೆಟ್ಟದೆ ಓಡಿದೆ.

ಬೆಟ್ಟದಿಂದ ವನಕ್ಕೆ ಇಳಿಯುವ ಕಲ್ಲುದಾರಿಯಲ್ಲಿ ಎರಡು ಸಲ ಬಿದ್ದೆ. ದಾರಿಯುದ್ದಕ್ಕೂ ಒಂದೇ ಯೋಚನೆ, ಲಕ್ಷ್ಮಕ್ಕನಿಗೆ ಏನು ಹೇಳಲಿ, ಯಾವ ಬಾಯಿಂದ ಹೇಳಲಿ. ವನದೊಳಗೆ ನುಗ್ಗಿ ಐದನೆಯ ಮರ ಹುಡುಕಿಕೊಂಡು ಬಂದರೆ, ಅದರ ಬುಡದಲ್ಲಿ ಲಕ್ಷ್ಮಕ್ಕನೇ ನಿಂತಿದ್ದಳು. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಉರುಳಿತ್ತು. ಅವಳು ಮೇಲೆ ನೋಡುತ್ತಿದ್ದಳು. ನಾನೂ ನೋಡಿದೆ.

ಮಂಜಿನಲ್ಲಿ ಹನುಮಂತಣ್ಣ ತೂಗುತ್ತಿದ್ದ. ತಲೆ ಎದೆಗೆ ಬಿದ್ದಿತ್ತು, ಎರಡೂ ಕೈ ಜೋತುಬಿದ್ದಿದ್ದವು. ಒಂದು ಕಾಲು ಮೊಂಡಿನಿಂದ ಜಾರಿ ಗಾಳಿಯಲ್ಲಿತ್ತು. ಮೋಕು ಒಂದೇ ಒಂದು ಗರಿಯ ಮೊಂಡಿಗೆ ಸಿಕ್ಕಿಕೊಂಡು ಅವನನ್ನು ಹಿಡಿದಿತ್ತು. ನನ್ನ ಹೊಟ್ಟೆಯಿಂದ ಅವನ ಹೆಸರು ಕಿತ್ತುಕೊಂಡು ಬಂತು. "ಹನು" ಎನ್ನುವಷ್ಟರಲ್ಲಿ ಲಕ್ಷ್ಮಕ್ಕ ತಿರುಗಿ ನನ್ನ ಬಾಯಿಯನ್ನು ಅಂಗೈಯಿಂದ ಅಮುಕಿ ಹಿಡಿದಳು. ಹಲ್ಲಿಗೆ ತುಟಿ ತಾಗಿ ರಕ್ತ ಬಂತು. ಕಿವಿಯ ಹತ್ತಿರ ಬಂದು ಉಸಿರಿನಲ್ಲೇ ಹೇಳಿದಳು.

"ಕೂಗಿದ್ರೆ ಎಚ್ಚರ ಆಯ್ತಿದ್ದಂಗೇ ತಿರುಗ್ತಾನೆ. ತಿರುಗಿದ್ರೆ ಮುಗೀತು. ಅವನಾಗೇ ಏಳ್ಬೇಕು."

ನಾವು ನಿಂತೆವು. ಅಷ್ಟು ಹೆದರಿಕೆಯನ್ನು ನಾನು ಅದಕ್ಕಿಂತ ಮುಂಚೆಯೂ ಅನುಭವಿಸಿಲ್ಲ, ಆಮೇಲೂ ಅನುಭವಿಸಿಲ್ಲ. ಕೂಗುವಂತಿಲ್ಲ, ಓಡುವಂತಿಲ್ಲ, ಅಳುವಂತೆಯೂ ಇಲ್ಲ. ಅವನ ಸೊಂಟಕ್ಕೆ ಕಟ್ಟಿದ್ದ ಗಡಿಗೆ ವಾಲಿ ಕಳ್ಳು ಹನಿಹನಿಯಾಗಿ ನಮ್ಮ ತಲೆಯ ಮೇಲೆ ಬೀಳುತ್ತಿತ್ತು. ಲಕ್ಷ್ಮಕ್ಕನ ಹಣೆಯಿಂದ ಕುಂಕುಮದ ಜೊತೆ ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ, ರೆಪ್ಪೆ ಬಡಿಯಲಿಲ್ಲ. ನನ್ನ ಬಾಯಿಯ ಮೇಲಿನ ಕೈಯನ್ನೂ ತೆಗೆಯಲಿಲ್ಲ. ಆ ವಾಸನೆ ನನ್ನ ಮೂಗಿನೊಳಗೆ ಹೊಕ್ಕು ಕೂತದ್ದು ಆಗಲೇ.

ಎಷ್ಟು ಹೊತ್ತಾಯಿತೋ ತಿಳಿಯದು. ಮೊದಲು ಅವನ ಬೆರಳು ಅಲುಗಿದವು. ಆಮೇಲೆ ಕಾಲು ಮೊಂಡನ್ನು ತಡಕಿ ಹುಡುಕಿಕೊಂಡಿತು. ಅವನು ತಲೆ ಎತ್ತಿ, ಮರವನ್ನು ಎರಡೂ ಕೈಯಿಂದ ತಬ್ಬಿ, ಹಾಗೇ ಸ್ವಲ್ಪ ಹೊತ್ತು ಇದ್ದ. ಆಮೇಲೆ ಸೊಂಟದ ಕತ್ತಿ ತೆಗೆದು ಬಡಿದ. ಟಕ್, ಟಕ್. ಲಕ್ಷ್ಮಕ್ಕನ ಕೈ ನನ್ನ ಬಾಯಿಂದ ಜಾರಿತು. ಅವಳು ಅಲ್ಲೇ ಕುಸಿದು ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಇಳಿದುಬಂದ ಹನುಮಂತಣ್ಣ ಮೊದಲು ನೋಡಿದ್ದು ನನ್ನನ್ನು.

"ಆಣೆ ಮುರಿದ್ರಾ ನರ್ಸಮ್ಮ?"

ಲಕ್ಷ್ಮಕ್ಕ ತಲೆ ಎತ್ತಿದಳು. "ಅವ್ರನ್ಯಾಕಂತೀಯಾ? ಅವ್ರು ನಂಗೂ ಸುಳ್ಳೇ ಹೇಳಿದ್ರು. ಆ ಕಾಗ್ದ ಸೂರಲ್ಲಿಟ್ರೆ ನಂಗೆ ಸಿಗಾಕಿಲ್ವಾ? ನಾನ್ ದಿನಾ ಇಲ್ಲೇ ಬಂದು ನಿಂತ್ಕೋತೀನಿ. ಆ ಬಂಡೆ ಹಿಂದ್ಗಡೆ."

"ನಿಂತು ಏನ್ ಮಾಡ್ತೀಯೇ? ಬಿದ್ರೆ ಹಿಡ್ಕೋತೀಯಾ?"

"ಎಲ್ಲಿ ಹಿಡ್ಕೊಳ್ಳಾಕ್ ಆಗ್ತೈತೆ. ನಮ್ಮಪ್ಪ ಬಿದ್ದು ಒಬ್ನೇ ತೆವಳಿದ್ನಲ್ಲ. ನೀನು ಒಬ್ನೇ ಇರಬಾರ್ದು ಅಂತ."

ಹನುಮಂತಣ್ಣ ಸೊಂಟದ ಮೋಕು ಬಿಚ್ಚಿ ಸುರುಳಿ ಸುತ್ತಿ ಅವಳ ಮಡಿಲಿಗೆ ಹಾಕಿದ. ಉಳಿದ ಆರು ಮರಗಳ ಗಡಿಗೆಗಳನ್ನು ಅಂದು ಬೇರೆಯವರು ಇಳಿಸಿದರು. ಮಧ್ಯಾಹ್ನದೊಳಗೆ ಗಂಡ ಹೆಂಡತಿ ಇಬ್ಬರನ್ನೂ ಅನಂತಪುರಕ್ಕೆ ಜೀಪು ಹತ್ತಿಸಿದೆ. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು ಎಂದು ಆಮೇಲೆ ಕೇಳಿದೆ. ಅಷ್ಟರಲ್ಲಿ ನಾನು ಕೈಕಾಲು ಹಿಡಿದು ವರ್ಗ ಮಾಡಿಸಿಕೊಂಡು ರಾಯದುರ್ಗ ಸೇರಿಯಾಗಿತ್ತು. ಈ ಆರು ವರ್ಷದಲ್ಲಿ ಒಂದು ಸಲವೂ ಫೋನು ಮಾಡಲಿಲ್ಲ. ನಂಬರು ಇತ್ತು. ಮಾಡಿದರೆ, ಅವರು ಹೋಗಿಬಿಟ್ರಮ್ಮ ಎಂದು ಲಕ್ಷ್ಮಕ್ಕ ಹೇಳಿಬಿಟ್ಟರೆ ಎಂಬ ಹೆದರಿಕೆ. ನಾಚಿಕೆಗೇಡು, ಆದರೆ ನಿಜ.

ಬಸ್ಸು ಇಳಿದವಳು ಊರೊಳಗೆ ಹೋಗಿ ಯಾರನ್ನೂ ಕೇಳುವ ಧೈರ್ಯವಾಗದೆ ನೇರ ವನದ ದಾರಿ ಹಿಡಿದೆ. ಸಂಜೆಯ ಬಿಸಿಲು ಬುರುಜಿನ ಮೇಲಷ್ಟೇ ಉಳಿದಿತ್ತು. ಹಳ್ಳದ ಬದಿಯಲ್ಲಿ ಒಂದೆರಡು ಬೈಕು ನಿಂತಿದ್ದವು. ವನದ ಬಾಯಿಗೆ ಬರುವಷ್ಟರಲ್ಲಿ ಕೇಳಿಸಿತು.

ಟಕ್, ಟಕ್, ಟಕ್.

ಸದ್ದು ಬಂದದ್ದು ಐದನೆಯ ಮರದಿಂದ. ಈ ಮನುಷ್ಯ ಮತ್ತೆ ಹತ್ತಿದ್ದಾನೆ! ನನಗೆ ಬಂದದ್ದು ಸಿಟ್ಟೋ ಭಯವೋ, ವ್ಯಾನಿಟಿ ಬ್ಯಾಗು ಎದೆಗವಚಿಕೊಂಡು ಓಡಿದೆ. ಮರ ಕಂಡದ್ದೇ ತಡ, ಆರು ವರ್ಷದ ಹಿಂದೆ ನುಂಗಿಕೊಂಡಿದ್ದ ಕೂಗು ಮತ್ತೆ ಗಂಟಲಿಗೆ ಬಂತು. ಬಾಯಿ ತೆರೆಯುವಷ್ಟರಲ್ಲಿ ಬಂಡೆಯ ಹಿಂದಿನಿಂದ ಯಾರೋ ನನ್ನ ತೋಳು ಹಿಡಿದು ಎಳೆದರು.

"ಶ್! ಕೂಗ್ಬ್ಯಾಡಿ ಕಣಮ್ಮ. ನಿಮ್ಗೆ ಮೊದ್ಲಿಂದ್ಲೂ ಆ ಚಾಳಿ."

ಹನುಮಂತಣ್ಣ! ಸೊರಗಿದ್ದ, ತಲೆ ಪೂರ್ತಿ ನರೆತಿತ್ತು. ಬನಿಯನ್ನಿನ ಎಡಗಡೆ, ಹೆಗಲ ಮೂಳೆಯ ಕೆಳಗೆ, ಬೆಂಕಿಪೊಟ್ಟಣದಷ್ಟು ಉಬ್ಬು. "ಮಿಷನ್ ಇಟ್ಟವ್ರೆ. ನಿಲ್ಲಾಕ್ ಬಿಡಲ್ಲ ಅದು" ಎಂದು ಪಿಸುಗುಟ್ಟಿದ. ನನಗೆ ಕಣ್ಣೀರು ಕಿತ್ತುಕೊಂಡು ಬಂತು. ಅವನ ಕೈ ಹಿಡಿದುಕೊಂಡು, ನರ್ಸ್ ಬುದ್ಧಿ ಎಲ್ಲಿ ಹೋಗುತ್ತದೆ, ನಾಡಿ ನೋಡಿದೆ. ಗಡಿಯಾರದಂತೆ ಓಡುತ್ತಿತ್ತು.

"ಮತ್ತ ಮ್ಯಾಲ ಯಾರ್ರಿ?"

ಅವನು ಗದ್ದ ಎತ್ತಿ ತೋರಿಸಿದ. ಕಚ್ಚೆ ಹಾಕಿ ಬಿಗಿದ ಹಸಿರು ಸೀರೆ, ಸೊಂಟಕ್ಕೆ ಅದೇ ಮೋಕು. ಲಕ್ಷ್ಮಕ್ಕ ಹಿಂದಕ್ಕೆ ವಾಲಿ, ಎರಡೂ ಕೈ ಬಿಟ್ಟು, ಮರಕ್ಕೆ ಕೊಯ್ತ ಹಾಕುತ್ತಿದ್ದಳು.

"ಬ್ಯಾಡ ಅಂದೆ. ನಮ್ಮಪ್ಪ ಕಲ್ಸಿರೋದು, ನೀ ಸುಮ್ಕಿರು ಅಂದ್ಲು. ಎಲ್ಡು ವರ್ಷ ಆಯ್ತು. ನಾನು ಇಲ್ಲಿ ನಿಂತ್ಕೊಳ್ಳೋದು ಅವ್ಳಿಗ್ ಗೊತ್ತಿಲ್ಲ. ಟೀ ಅಂಗ್ಡೀಲವ್ನೆ ಅನ್ಕೊಂಡವ್ಳೆ." ಮೇಲಿನಿಂದ ಕಣ್ಣು ಕೀಳದೆ ಅವನು ಮುಂದುವರಿಸಿದ. "ಆಸ್ಪತ್ರೇಲಿ ಕೇಳ್ದೆ, ಎಷ್ಟು ದಿನದಿಂದ ಹಿಂಗ್ ನಿಂತ್ಕೋತಿದ್ದೆ ಅಂತ. ಆ ಕಾಗ್ದ ಸಿಕ್ದಾಗಿಂದ ಅಂತಾಳೆ ಅನ್ಕೊಂಡಿದ್ದೆ. ಮದ್ವೆ ಆದ ವರ್ಷದಿಂದ ಅಂದ್ಲು ಕಣಮ್ಮ. ಇಪ್ಪತ್ತೆರಡು ವರ್ಷ, ದಿನಾ ಎಲ್ಡು ಹೊತ್ತು. ಬಾಣಂತಿ ಆಗಿದ್ದಾಗ ಒಂದ್ ತಿಂಗ್ಳು ಬಿಟ್ಟಿದ್ಲಂತೆ, ಅಷ್ಟೇ."

ನಾನೂ ಮರದ ಕಡೆ ನೋಡಿದೆ.

"ಹತ್ತೋವಾಗ ನಂಗ್ ಒಂದಿನಾನೂ ಭಯ ಆಗಿರ್ಲಿಲ್ಲ" ಅಂದ. "ಇಲ್ಲಿ ನಿಂತ್ಮ್ಯಾಲೆ ಗೊತ್ತಾಯ್ತು."

ಮೇಲೆ ಕತ್ತಿಯ ಸದ್ದು ನಿಂತಿತು. ಅವನು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ನನ್ನ ಬೆರಳಿನ ಕೆಳಗೆ ಅವನ ನಾಡಿ ಅದೇ ಲೆಕ್ಕದಲ್ಲಿ ಬಡಿಯುತ್ತಿತ್ತು. ಆದರೆ ಅವನ ತುಟಿ ನಡುಗುತ್ತಿದ್ದವು. ನಾನು ಉಸಿರು ಬಿಗಿಹಿಡಿದೆ. ಗರಿಗಳು ಸರಸರ ಎಂದವು. ಗಾಳಿ ನಿಂತಿತು. ಹಸಿರು ಸೀರೆ ಮಿಸುಕಲಿಲ್ಲ.

ಟಕ್, ಟಕ್.

"ಬಗ್ಗಿ, ಬಗ್ಗಿ, ನೋಡ್ಬಿಟ್ಟಾಳು" ಎಂದು ಹನುಮಂತಣ್ಣ ಬನಿಯನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡು ನನ್ನನ್ನು ಬಂಡೆಯ ಮರೆಗೆ ಎಳೆದ. ಇಬ್ಬರೂ ಅಲ್ಲೇ ಕುಕ್ಕರಗಾಲಲ್ಲಿ ಕೂತೆವು. ಗೇಟಿನ ಕಡೆಯಿಂದ ಮಡಕಶಿರಾದ ಬಸ್ಸಿನ ಹಾರ್ನು ಕೇಳಿಸಿತು. ನಾನು ಏಳಲಿಲ್ಲ. ಇನ್ನೂ ಆರು ಮರಗಳಿದ್ದವು.